ಸೀದ ಪಾಯಸ

ತಲೆ ಮತ್ತೆ ಎಡಕ್ಕೆ ವಾಲಿತು. ಪಕ್ಕದಲ್ಲಿ ಕೂತಿದ್ದ ಸಿದ್ದಗಂಗಮ್ಮ ತಮ್ಮನ ಗದ್ದ ಹಿಡಿದು ನೇರ ಮಾಡಿದಳು.

"ಅಲ್ಲಾಡಿಸ್ಬೇಡ ಅಕ್ಕ, ಗಂಟು ಹಾಕ್ತೀನಿ," ಎಂದು ಶಿವಮೂರ್ತಿ ಹಣೆಗೆ ಬಿಳಿ ಬಟ್ಟೆ ಸುತ್ತಿ ಗೋಡೆಯ ಮೊಳೆಗೆ ಬಿಗಿದ. ಗುಬ್ಬಿಯ ಆ ಬೀದಿಯಲ್ಲಿ ಯಾರು ಲಿಂಗೈಕ್ಯರಾದರೂ ದೇಹ ಕೂರಿಸುವ ಕೆಲಸ ಅವನದೇ. "ಬದುಕಿದ್ದಾಗ ಐದು ನಿಮಿಷ ಕೂತೋರಲ್ಲ ಡಾಕ್ಟ್ರು. ಈಗಾದ್ರೂ ಕೂತ್ಕೊಳ್ಳಿ ಬುಡು."

ಅವಳ ಬೆರಳಿಗೆ ಬಟ್ಟೆಯಡಿಯ ಹೊಲಿಗೆ ಸಿಕ್ಕಿತು. ತುಮಕೂರಿನಲ್ಲಿ ಊರವರ ತಲೆಯೆಲ್ಲ ತೆರೆದು ಗಡ್ಡೆ ತೆಗೆದವನು, ಆ ಗಡ್ಡೆಗಳ ಸಂಶೋಧನೆಯಲ್ಲೇ ಕೂದಲು ಹಣ್ಣು ಮಾಡಿಕೊಂಡವನು. ಅವನದೇ ತಲೆಯೊಳಗಿನ ಗಡ್ಡೆ ಮಾತ್ರ ಕೈಮೀರಿದ ಮೇಲೆ ಸಿಕ್ಕಿತ್ತು.

*

ಹೋದ ದೀಪಾವಳಿಗೆ ಹೇಳದೆ ಕೇಳದೆ ಬಂದಿದ್ದ. ಅದುವರೆಗೆ ತಮ್ಮ ಗುರುಸಿದ್ದಯ್ಯ ಅಂದರೆ ಫೋನಿನಲ್ಲಿ "ಆಪರೇಷನ್ ಇದೆ, ಇಡು" ಅನ್ನುವವನು. ಅವ್ವ ತೀರಿಕೊಂಡಾಗಲೂ ಮಣ್ಣು ಹಾಕಿ, ಕೈ ತೊಳೆದು, ಕಾರು ಹತ್ತಿದವನು. ಅಂಥವನು ಅಡುಗೆಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಹುಡುಗಾಟದ ಮಾತೆಲ್ಲ ತೆಗೆದ. ಕೇಳುತ್ತ ಅವಳು ಒಲೆ ಮರೆತಳು. ಶಾವಿಗೆ ಪಾಯಸ ತಳ ಹಿಡಿದು ಮನೆಯೆಲ್ಲ ಸೀದ ವಾಸನೆ.

"ಚೆಲ್ತೀನಿ ಕಣೋ. ಬೀದಿ ತುದೀಲಿದ್ರೂ ಮೂಗು ಮುಚ್ಕೊಳ್ಳೋನು ನೀನು."

"ಯಾಕಕ್ಕ? ಏನಾಗಿದೆ ಅದಕ್ಕೆ? ಹಾಕು."

ಎರಡು ಲೋಟ ಕುಡಿದ. ಆಮೇಲೆ ಅವಳ ಭುಜಕ್ಕೆ ತಲೆಯಿಟ್ಟು ಹಾಗೇ ನಿದ್ದೆ ಹೋದ. ತನ್ನ ಮನಸ್ಸು ನೋಯಬಾರದೆಂದು ಕುಡಿದನಲ್ಲ ಎಂದು ಅವಳಿಗೆ ಆವತ್ತೇ ನಿಜವಾದ ಹಬ್ಬ. ಆಮೇಲೆ ತಿಂಗಳು ತಿಂಗಳೂ ಬಂದ. ಅವನ ಹೆಂಡತಿ ಶಾಂತಲಾ ಫೋನ್ ಮಾಡಿ, "ಇವ್ರು ಯಾಕೋ ಮೊದಲಿನ ಥರ ಇಲ್ಲ ಅತ್ತಿಗೆ" ಎಂದಾಗ, "ಈಗ ಬುದ್ಧಿ ಬಂದದೆ ಬುಡೇ" ಎಂದು ನಕ್ಕುಬಿಟ್ಟಿದ್ದಳು.

*

ಅವನ ಶಿಷ್ಯೆ, ಕುಣಿಗಲ್ಲಿನ ಡಾಕ್ಟರ್ ದೀಪಿಕಾ, ಹಾರ ಹಾಕಿ ಸಿದ್ದಗಂಗಮ್ಮನ ಬಳಿ ಕೂತಳು.

"ಗಡ್ಡೆ ಹಣೆಯ ಹಿಂದೆ ಇತ್ತಮ್ಮ. ಅಲ್ಲಿ ಬೆಳೆದ್ರೆ ಕೆಲವರಿಗೆ ವಾಸನೆ ಗೊತ್ತಾಗಲ್ಲ, ಸ್ವಭಾವನೇ ಬದಲಾಗುತ್ತೆ. ಸ್ಕ್ಯಾನಿಗಿಂತ ಮೊದಲು ಮನೆಯವ್ರನ್ನ ಕೇಳಿ ಅಂತ ಸರ್ರೇ ನಮಗೆ ಹೇಳ್ಕೊಡ್ತಿದ್ರು."

ಸಿದ್ದಗಂಗಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಹಂಗಾರೆ ನನ್ ಹತ್ರ ಬರ್ತಿದ್ದೋನು ಯಾರವ್ವಾ? ನನ್ನ ತಮ್ಮನಾ, ಆ ಗಡ್ಡೇನಾ?"

ದೀಪಿಕಾ ತಲೆ ತಗ್ಗಿಸಿದಳು. "ಗೊತ್ತಿಲ್ಲಮ್ಮ. ಸರ್ ಇದ್ದಿದ್ರೆ ಕೇಳಬಹುದಿತ್ತು."

ಹೊರಗೆ, ಕೂರಿಸಿ ಒಯ್ಯುವ ಹೂವಿನ ವಿಮಾನ ಸಿದ್ಧವಾಗಿತ್ತು. ಶಿವಮೂರ್ತಿ ಮೊಳೆಯ ಗಂಟು ಬಿಚ್ಚಿದ. ತಲೆ ಎಡಕ್ಕೆ ವಾಲಿ ಅಕ್ಕನ ಭುಜದ ಮೇಲೆ ಬಿತ್ತು.

"ನೇರ ಹಿಡ್ಕೊಳ್ಳಕ್ಕ!"

"ತಡಿಯಪ್ಪ. ಚೂರು ಹೊತ್ತು ಹಂಗೇ ಇರ್ಲಿ."

ಭಜನೆಯವರು ತಾಳ ನಿಲ್ಲಿಸಿ ಕಾದರು.

*

ಮಣ್ಣು ಮುಗಿಸಿ ಬಂದವರೆಲ್ಲ ಒಬ್ಬೊಬ್ಬರಾಗಿ ಸ್ನಾನ ಮಾಡಿದರು. ಒದ್ದೆಗೂದಲಿನ ಶಾಂತಲಾ, "ಭುಜದ ಮೇಲೆಲ್ಲ ಇವ್ರ ವಿಭೂತಿ ಅತ್ತಿಗೆ. ನೀರು ಕಾದಿದೆ, ಹೋಗಿ," ಎಂದಳು.

ಸಿದ್ದಗಂಗಮ್ಮ ಸೆರಗೆಳೆದು ಆ ಭುಜ ಮುಚ್ಚಿಕೊಂಡಳು. ಹಂಡೆಯ ನೀರು ತಣ್ಣಗಾಗುವವರೆಗೂ ಬಚ್ಚಲ ಬಾಗಿಲಲ್ಲೇ ನಿಂತಿದ್ದಳು.