ಹಾಲಮ್ಮತ್ತೆ ಕಾದ ಸ್ಕ್ಯಾನ್

ಯುಗಾದಿಯ ದಿನ ಭದ್ರಾವತಿಯಲ್ಲಿ, ಹಾಲಮ್ಮತ್ತೆಯ ಮನೆಯ ಪಂಕ್ತಿಯಲ್ಲಿ, ಅಪ್ಪ ನನ್ನ ಎಂಎಸ್ಸಿ ಪ್ರಾಜೆಕ್ಟಿನ ಮಾತು ತೆಗೆದರು.

"ಕಬ್ಬಿಣದ ಪುಡಿ ಭಾವ, ಧೂಳಿಗಿಂತ ಸಣ್ಣದು. ಮೈಯೊಳಗೆ ಬಿಟ್ರೆ ಕ್ಯಾನ್ಸರ್ ಕಣಾನೇ ಹುಡ್ಕೊಂಡು ಹೋಗಿ ಅಂಟ್ಕೊಳ್ಳುತ್ತೆ. ಎಂಆರ್‌ಐ ತೆಗೆದ್ರೆ ಅಲ್ಲಿ ಕಪ್ಪಗೆ ಕಾಣುತ್ತೆ. ನಮ್ ಸಂಧ್ಯಾ ಮಾಡಿರೋದು!"

ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದ, ಅತ್ತೆಯ ಗಂಡ ಭೈರಪ್ಪ ಮಾವ ನಕ್ಕರು. "ಆ ಪುಡಿ ನಾನು ಉಸಿರಾಡಿದಷ್ಟು ಯಾರು ಉಸಿರಾಡಿದಾರೆ? ನಂಗೆ ಬರೀ ಸ್ಕ್ಯಾನ್ ಸಾಕು ಬಿಡೇ ಮಾರಾಯ್ತಿ."

ನನ್ನ ಪ್ರಾಜೆಕ್ಟಿನಲ್ಲಿ ಮೈಯೇ ಇರಲಿಲ್ಲ. ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳಿಗೆ ಅವಕ್ಕೆ ಅಂಟಲೆಂದು ಫೋಲಿಕ್ ಆಮ್ಲ ಲೇಪಿಸಿದ ಕಬ್ಬಿಣದ ನ್ಯಾನೊಕಣ ಹಾಕಿ, ಅವನ್ನು ಟ್ಯೂಬಿಗೆ ತುಂಬಿ ಸ್ಕ್ಯಾನ್ ಮಾಡಿಸಿದ್ದೆ, ಅಷ್ಟೆ. ಅದನ್ನು ಹೇಳಬೇಕಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಎಲೆಯಲ್ಲಿದ್ದ ಹೋಳಿಗೆ ನೋಡುತ್ತ ಕೂತೆ. ನಿಜ ಹೇಳಬೇಕೆಂದರೆ, ಆ ಹೊಗಳಿಕೆ ಹಿತವಾಗಿಯೂ ಇತ್ತು.

ಕೈ ತೊಳೆಯುವಾಗ ಅತ್ತೆ ಮೆಲ್ಲಗೆ ಕೇಳಿದರು. "ಆ ಸ್ಕ್ಯಾನು ಎದೇಗೂ ಆಗುತ್ತೇನೇ?"

"ಹ್ಞೂಂ ಅತ್ತೆ," ಅಂದೆ. ಯಾಕೆ ಎಂದು ಕೇಳಲಿಲ್ಲ.

ಗೌರಿ ಹಬ್ಬಕ್ಕೆ ತವರಿನ ಬಾಗಿನ ಕೊಡಲು ಶಿವಮೊಗ್ಗದ ಆಲ್ಕೊಳದ ನಮ್ಮ ಮನೆಯಿಂದ ನಾನೊಬ್ಬಳೇ ಹೋದೆ. ಅತ್ತೆ ಮೊರ ಒಳಗಿಟ್ಟು, ಕೋಣೆಯ ಬಾಗಿಲು ಹಾಕಿ, ರವಿಕೆಯ ಹುಕ್ಕು ಬಿಚ್ಚಿ ನನ್ನ ಕೈ ಹಿಡಿದು ಎಡ ಎದೆಯ ಮೇಲಿಟ್ಟರು. ನಿಂಬೆಹಣ್ಣಿನಷ್ಟು ದಪ್ಪದ ಗಟ್ಟಿ ಗಂಟು.

"ಯುಗಾದೀಲಿ ಕಡ್ಲೆಕಾಳಷ್ಟಿತ್ತು. ನಮ್ ಬೀದಿ ಆಶಾ ಕಾರ್ಯಕರ್ತೆ ತನುಜಾ, ಶಿವಮೊಗ್ಗಕ್ಕೆ ಹೋಗಿ ಸೂಜಿ ಹಾಕ್ಸಿ ಟೆಸ್ಟ್ ಮಾಡ್ಸಿ ಅಂತ ಬಡ್ಕೊಂಡ್ಲು. ಆ ಗಂಡಸ್ ಡಾಕ್ಟ್ರ ಮುಂದೆ ಹೆಂಗೆ ಬಿಚ್ಚೋದು? ನಮ್ ಹುಡುಗೀದೇ ಸ್ಕ್ಯಾನ್ ಬರುತ್ತಲ್ಲ ಅಂತ ಸುಮ್ನಿದ್ದೆ. ಯಾವಾಗ ಮಾಡ್ತೀಯೇ?"

ನನ್ನ ಕೈ ಇನ್ನೂ ಅಲ್ಲೇ ಇತ್ತು.

"ಅತ್ತೆ, ಅದನ್ನ ಮನುಷ್ಯರಿಗೆ ಕೊಟ್ಟೇ ಇಲ್ಲ. ಪ್ರಾಜೆಕ್ಟ್ ಮುಗೀತು. ಅವತ್ತೇ ಹೇಳ್ಬೇಕಿತ್ತು."

ಅವರು ಒಂದೊಂದೇ ಹುಕ್ಕು ಹಾಕಿಕೊಂಡರು. "ಮತ್ತ್ಯಾಕೆ ಹೇಳ್ಲಿಲ್ಲ?"

"ನಾಚಿಕೆ ಆಯ್ತು."

"ನಂಗಾಗಿದ್ದೂ ಅದೇ ಕಣೇ," ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಗಣಪತಿ ಹಬ್ಬದ ಮರುದಿನವೇ ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಗಂಟು ಮುಟ್ಟಿ ನೋಡಿ, ಯಾವಾಗಿನಿಂದ ಇದೆ ಎಂದು ಕೇಳಿ ತಿಳಿದು, "ಐದು ತಿಂಗಳು ಏನ್ಮಾಡ್ತಿದ್ರಮ್ಮ?" ಎಂದರು.

"ಮನೆಗೆಲಸ, ಹಬ್ಬ..." ಎಂದರು ಅತ್ತೆ, ನನ್ನ ಕಡೆ ನೋಡದೆ.

"ಅಲ್ಲ ಸರ್," ಎಂದೆ. "ನನ್ನನ್ನ ನಂಬ್ಕೊಂಡು ಕಾಯ್ತಿದ್ರು."

ಡಾಕ್ಟರು ತಲೆಯೆತ್ತಲಿಲ್ಲ. ಚೀಟಿಯಲ್ಲಿ ಬಯಾಪ್ಸಿ ಎಂದು ಬರೆದು, ಸೋಮವಾರದ ತಾರೀಖು ಹಾಕಿದರು.