ಮಗ್ಗ ನಿಂತಾಗ

ಎರಡು ಪವರ್‌ಲೂಮ್‌ಗಳು ಗೋಡೆ ನಡುಗುವಂತೆ ಬಡಿಯುತ್ತಿದ್ದರೂ ಪಕ್ಕದ ಕೋಣೆಯ ತೊಟ್ಟಿಲಲ್ಲಿ ಮಗು ಗಡದ್ದಾಗಿ ನಿದ್ದೆ ಹೊಡೆಯುತ್ತಿತ್ತು. "ಮಗ್ಗದ ಮನೆ ಕೂಸು ಅಂದ್ರೆ ಹೀಗಿರಬೇಕು!" ಎಂದು ಅತ್ತೆ ಬಂದವರೆದುರೆಲ್ಲ ಬೀಗುತ್ತಿದ್ದರು.

ಹೆರಿಗೆಯಾಗಿ ಆಸ್ಪತ್ರೆಯಿಂದ ಹೊರಡುವ ದಿನ ನರ್ಸ್ ತಡೆದಿದ್ದಳು. "ಕಿವಿ ಪರೀಕ್ಷೆ ಬಾಕಿ ಇದೆ. ಎಲ್ಲ ಮಕ್ಕಳಿಗೂ ಮಾಡ್ತೀವಿ, ಸ್ವಲ್ಪ ಕಾಯಿರಿ."

ಅತ್ತೆಯದು ಹಿಡಿದ ಮೊಲಕ್ಕೆ ಮೂರೇ ಕಾಲು. "ಹುಟ್ಟಿದ ತಕ್ಷಣ ಸೂರು ಹಾರಿಹೋಗೋ ಹಾಗೆ ಅತ್ತಿದೆ ಕಣಮ್ಮ. ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಳ್ಳೋದು ಯಾಕೆ? ನಡಿಯೇ."

ಸೊಸೆ ನಡೆದಳು. ಹೆತ್ತು ಸುಸ್ತಾದವಳಿಗೆ ವಾದಕ್ಕೆ ತ್ರಾಣವೆಲ್ಲಿತ್ತು?

ಮಗ್ಗದ ಬೀದಿಯವರು ಸದ್ದಿಗೆ ಏಳುವವರಲ್ಲ. ಸದ್ದು ನಿಂತರೆ ಧಡಕ್ಕನೆ ಏಳುತ್ತಾರೆ. ಒಂದು ಮಧ್ಯಾಹ್ನ ಕರೆಂಟು ಹೋಯಿತು. ಬೀದಿಗೆ ಬೀದಿಯೇ ಗಪ್‌ಚಿಪ್ಪಾಯಿತು. ತೂಕಡಿಸುತ್ತಿದ್ದ ಸೊಸೆ ಬೆಚ್ಚಿ ಎದ್ದಳು. ಪಕ್ಕದ ಮನೆಯ ಕೂಸು ಕಿಟಾರನೆ ಕಿರುಚಿತು. ಇವಳದು ಮಾತ್ರ ಮಿಸುಕಲಿಲ್ಲ.

ಅವಳು ಸ್ಟೀಲು ತಟ್ಟೆಯೊಂದನ್ನು ತೊಟ್ಟಿಲ ಪಕ್ಕದಲ್ಲೇ ಕೆಳಗೆ ಬಿಟ್ಟಳು. ಇನ್ನೊಮ್ಮೆ ಬಿಟ್ಟಳು. ಮಗು ಮಲಗೇ ಇತ್ತು.

"ಏನೇ ಬಿತ್ತು?" ಅತ್ತೆ ಹೊರಗಿನಿಂದ ಕೇಳಿದರು.

"ತಟ್ಟೆ ಅತ್ತೆ" ಎಂದಳು.

ಲಾರಿ ಹತ್ತಿದರೆ ವಾರಗಟ್ಟಲೆ ಮನೆಯ ಮುಖ ನೋಡದ ಗಂಡನಿಗೆ ಫೋನು ಮಾಡಿದಳು. "ಇಲ್ಲದ್ದೆಲ್ಲ ತಲೆಗೆ ಹಚ್ಕೋಬೇಡ. ಅಮ್ಮನ್ನ ಕೇಳು" ಎಂದು ಅವನು ಇಟ್ಟುಬಿಟ್ಟ. ಅಯ್ಯೋ, ಯಾರನ್ನು ಕೇಳುವುದು! ಮರುದಿನ ಆಸ್ಪತ್ರೆಗೆ ಎಂದಷ್ಟೇ ಅತ್ತೆಗೆ ಹೇಳಿ, ಮಗುವನ್ನು ಎತ್ತಿಕೊಂಡು ಒಬ್ಬಳೇ ಬಸ್ಸು ಹತ್ತಿದಳು. ಆಸ್ಪತ್ರೆಗೆ ಮತ್ತೆ ಮತ್ತೆ ಅಲೆದ ಮೇಲೆ ಡಾಕ್ಟರು ಬಾಯಿಬಿಟ್ಟರು. "ಎರಡೂ ಕಿವಿ ಕೇಳಿಸ್ತಿಲ್ಲಮ್ಮ. ಹುಟ್ಟಿದಾಗಲೇ ನೋಡಿದ್ರೆ ಇನ್ನೂ ಚೆನ್ನಾಗಿತ್ತು. ಆದ್ರೂ ಕಾಲ ಮಿಂಚಿಲ್ಲ, ಕಿವಿಗೆ ಮಷೀನು ಹಾಕಬಹುದು. ಜತೆಗೆ ಯಾರೂ ಬಂದಿಲ್ವಾ?"

ಇಲ್ಲವೆಂದು ತಲೆಯಾಡಿಸಿದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತಳು. ಹುಟ್ಟಿದಾಗಿನಿಂದ ಮಗ್ಗದ ಸದ್ದನ್ನೂ ಮೀರಿಸಿ ಜೋಗುಳ ಹಾಡಿದ್ದಳಲ್ಲ, ಅದರಲ್ಲಿ ಒಂದು ಸೊಲ್ಲೂ ಕೂಸಿಗೆ ಮುಟ್ಟಿರಲಿಲ್ಲ.

ಮನೆಯಲ್ಲಿ ಅತ್ತೆ ಮಗ್ಗದ ಮುಂದಿದ್ದರು. ಆ ಸದ್ದಿನಲ್ಲಿ ಊಟಕ್ಕೂ ಚಹಾಕ್ಕೂ ಕಡಿದ ಎಳೆಗೂ ಕೈಸನ್ನೆಯೇ ಮಾತು. ಡಾಕ್ಟರು ಏನಂದರು ಎಂದು ಅತ್ತೆ ಅಂಗೈ ತಿರುವಿ ಕೇಳಿದರು. ಇದಕ್ಕೆ ಸನ್ನೆ ಯಾವುದೆಂದು ಸೊಸೆಗೆ ತೋಚಲಿಲ್ಲ. ಕೊನೆಗೆ ಮಗುವಿನ ಕಿವಿ ಮುಟ್ಟಿ, ಇಲ್ಲವೆಂದು ಕೈ ಅಲ್ಲಾಡಿಸಿದಳು.

ಅತ್ತೆ ಎರಡೂ ಮಗ್ಗ ನಿಲ್ಲಿಸಿದರು.

"ನೀನಾದ್ರೂ ಅವತ್ತು ನನ್ನ ಜತೆ ಜಗಳ ಆಡಬಾರ್ದಿತ್ತೇನೇ?" ಎಂದರು.

ಸೊಸೆಯ ಹೆಗಲ ಮೇಲೆ ಮಗು ಹಾಗೇ ಮಲಗಿತ್ತು.