ಏಳು ಫ್ಯಾನಿನ ಲೆಕ್ಕ

“ಎಷ್ಟು ಫ್ಯಾನ್ ರೀ?” ಎಂದು ಕೇಳಿದರು ಅಂಗಡಿಯ ಮಾಲೀಕ ಗುಲಾಮ ರಸೂಲ.

ಬೀದರಿನ ಆ ಬ್ಯಾಟರಿ ಅಂಗಡಿಯಲ್ಲಿ ನಿಂತಿದ್ದ ಪ್ರಣಾಲಿಗೆ ಪ್ರಶ್ನೆಯೇ ತಲೆಗೆ ಹತ್ತಲಿಲ್ಲ. ಅವಳು ಫ್ಯಾನಿಗೆಂದು ಬಂದವಳಲ್ಲ. ಹಲಬರ್ಗಾದಿಂದ ಭಾಲ್ಕಿಗೆ, ಭಾಲ್ಕಿಯಿಂದ ಔರಾದಿಗೆ ದಿನಾ ಎರಡು ಬಸ್ಸು ಬದಲಿಸಿ, ಅಲ್ಲಿನ ಕುರಿಗಾರರ ಸಹಕಾರ ಸಂಘದಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿದ್ದಳು. ತಾಲೂಕಿನ ಒಂದೊಂದು ಕುರಿಯ ಕಿವಿಯ ಬಿಲ್ಲೆಯ ನಂಬರು, ಅದಕ್ಕೆ ಲಸಿಕೆ ಹಾಕಿದ ತಾರೀಖು, ಎಲ್ಲವೂ ಸಂಘದ ಸರ್ವರಿನಲ್ಲಿತ್ತು. ಕರೆಂಟ್ ಹೋದಾಗ ಆ ಸರ್ವರನ್ನು ಹಿಡಿದು ನಿಲ್ಲಿಸುವ ಒಂದು ಯುಪಿಎಸ್ ಬೇಕಿತ್ತು.

ಅದಕ್ಕಾಗಿ ಎರಡು ದಿನ ನೆಲದ ಮೇಲೆ ಬೋರಲು ಮಲಗಿ, ಯಂತ್ರಗಳ ಬೆನ್ನಿಗಂಟಿದ ಚೀಟಿಗಳನ್ನು ಓದಿ ಬರೆದುಕೊಂಡಿದ್ದಳು. ಸರ್ವರ್ ಮುನ್ನೂರೈವತ್ತು ವ್ಯಾಟ್, ಅದರ ಪರದೆ ಮೂವತ್ತು, ನಕಲು ಇಡುವ ಡಿಸ್ಕಿನ ಪೆಟ್ಟಿಗೆ ಐವತ್ತು, ಇಂಟರ್ನೆಟ್ಟಿನ ಎರಡು ಡಬ್ಬಿ ಸೇರಿ ನಲವತ್ತು. ಒಟ್ಟು ನಾನೂರ ಎಪ್ಪತ್ತು. ಮುಂದಿನದಕ್ಕೆಂದು ಒಂದಿಷ್ಟು ಬಿಟ್ಟು ಹಿಡಿದರೂ ಒಂದು ಕೆವಿಎ ಅಳತೆಯದು ಸಾಕು. ಕಾಗದದ ಕೊನೆಯಲ್ಲಿ ಎರಡು ಗೆರೆ ಎಳೆದು ಬರೆದಿದ್ದಳು: ಕರೆಂಟ್ ಹೋಗುವಾಗ ನಡುವೆ ಕಣ್ಣು ಮಿಟುಕಿಸುವಷ್ಟೂ ಕಡಿಯಬಾರದು.

ಬಾಯಲ್ಲಿ ಹೇಳಲಾಗದವರು ಮಾಡುವಂತೆ ಅವಳು ಕಾಗದವನ್ನೇ ಮುಂದೆ ಹಿಡಿದಳು. ಗುಲಾಮ ರಸೂಲ ಕನ್ನಡಕ ಏರಿಸಿ, ಒಟ್ಟು ಬರೆದ ಸಾಲಿನವರೆಗೆ ಓದಿ ನಿಲ್ಲಿಸಿದರು.

“ನಾನೂರಾ ಎಪ್ಪತ್ತು. ಒಂದು ಫ್ಯಾನಿಗಿ ಎಪ್ಪತ್ತು ಹಿಡೀರಿ. ಏಳು ಫ್ಯಾನ್ ಆಯ್ತು ನೋಡ್ರಿ ಬೇಟಿ.”

ಜೊತೆಗೆ ಬಂದಿದ್ದ ಸಂಘದ ಕಾರ್ಯದರ್ಶಿ ಓಂಪ್ರಕಾಶರಿಗೆ ಇದು ಮಾನದ ಪ್ರಶ್ನೆಯಾಯಿತು. “ಬರೇ ಏಳು? ನಮ್ಮ ಮನ್ಯಾಗೇ ಹತ್ತು ಫ್ಯಾನ್ ಅವರಿ. ತಾಲೂಕಿನ ಸಂಘ ಅದು. ದೊಡ್ಡದು ತೆಗೀರಿ.”

“ಇಪ್ಪತ್ತೈದು ಫ್ಯಾನಿಂದು ಅದ ಅಣ್ಣಾ. ಮಜಬೂತ್ ಮಾಲ್. ಎರಡು ಬ್ಯಾಟರಿ, ನಾಕು ತಾಸು ಬಿಲ್ಕುಲ್ ಫಿಕರ್ ಇಲ್ಲ.”

“ಸರ್, ಅದು ಮನಿ ಇನ್ವರ್ಟರ್ ಅದರಿ,” ಎಂದಳು ಪ್ರಣಾಲಿ. ದನಿ ಅವಳ ದುಪಟ್ಟಾದಲ್ಲೇ ಸಿಕ್ಕಿಕೊಂಡಿತು.

“ಇನ್ವರ್ಟರ್ ಇರ್ಲಿ, ಯುಪಿಎಸ್ ಇರ್ಲಿ. ಬ್ಯಾಟರಿ ಅದ ಇಲ್ಲೋ?”

“ಅದರಿ ಸರ್, ಆದ್ರ…”

“ಮತ್ತ?”

ಆ ‘ಮತ್ತ’ದ ಮುಂದೆ ಅವಳ ಕಾಗದ ಮಡಚಿಕೊಂಡಿತು. ಔರಾದಿನವರೆಗೂ ಬ್ಯಾಟರಿಗಳು ಜೀಪಿನಲ್ಲಿ ಅವಳ ಮಗ್ಗುಲಲ್ಲೇ ಕೂತು ಬಂದವು. ಹಾದಿಯುದ್ದಕ್ಕೂ ಅವಳು ಒಳಗೊಳಗೇ ಮಾತು ಜೋಡಿಸಿದಳು: ಎಷ್ಟು ಹೊರುತ್ತದೆ ಎಂಬುದೊಂದು, ಕರೆಂಟ್ ಹೋದಾಗ ಎಷ್ಟು ಬೇಗ ಹೊರುತ್ತದೆ ಎಂಬುದು ಇನ್ನೊಂದು, ಸರ್. ಎಷ್ಟು ಚೆಂದದ ಮಾತು! ಔರಾದು ಬಂದರೂ ಅದು ತುಟಿ ದಾಟಲಿಲ್ಲ.

ಮೂರನೆಯ ದಿನ ಕರೆಂಟ್ ಹೋಯಿತು. ಗೋಡೆಯ ಮೇಲಿನ ಇನ್ವರ್ಟರ್ ಟಕ್ಕೆಂದಿತು, ಸರ್ವರ್ ಸತ್ತಿತು. ನಾಲ್ಕು ನಿಮಿಷ ಬಿಟ್ಟು ತಾನಾಗಿಯೇ ಎದ್ದಾಗ, ಬೆಳಗಿನಿಂದ ತುಂಬಿದ್ದ ಹದಿನಾರು ಕುರಿಗಳ ಲೆಕ್ಕ ಮಾಯವಾಗಿತ್ತು.

“ಸರ್, ಕರೆಂಟ್ ಹೋಗಿ ಸರ್ವರ್ ಬಂದ್ ಆಯ್ತರಿ.”

“ಕರೆಂಟ್ ಎಲ್ಲಿ ಹೋಗ್ಯಾದ?” ಓಂಪ್ರಕಾಶರು ಬೆರಳು ಮೇಲೆತ್ತಿದರು. “ನಾ ಫ್ಯಾನಿನ ಬುಡಕೇ ಕುಂತೇನಿ. ಒಂದು ಸುತ್ತೂ ತಪ್ಪಿಲ್ಲ. ನಿನ್ನ ಕಾಲು ತಾಕಿರಬೇಕು ವೈರಿಗಿ. ಜರಾ ಹುಷಾರಿ ಇರವ್ವ.”

ಪ್ರಣಾಲಿ ಮೇಲೆ ನೋಡಿದಳು. ಫ್ಯಾನು ಸುತ್ತುತ್ತಲೇ ಇತ್ತು. ಸುತ್ತದೇ ಏನು ಮಾಡೀತು? ಅರೆಗಳಿಗೆ ಕರೆಂಟ್ ಕಡಿದರೆ ಅದು ಹಿಂದಿನ ಓಟದಲ್ಲೇ ತಿರುಗಿಬಿಡುತ್ತದೆ; ಅಷ್ಟರಲ್ಲಿ ಬ್ಯಾಟರಿ ಹತ್ತಿಕೊಳ್ಳುತ್ತದೆ. ಸರ್ವರಿಗೆ ಹಾಗೆ ಜಾರಿ ಹೋಗುವ ಓಟವಿಲ್ಲ. ಇದನ್ನು ಹೇಳಬೇಕೆಂದು ಬಾಯಿ ತೆರೆದಳು. ಓಂಪ್ರಕಾಶರು ಆಗಲೇ ಫೋನಿನಲ್ಲಿದ್ದರು. ಕಾಲನ್ನು ಕುರ್ಚಿಯ ಕೆಳಗೆಳೆದುಕೊಂಡು, ಹದಿನಾರನ್ನೂ ಮತ್ತೆ ತುಂಬಿದಳು. ಮಾಡದ ತಪ್ಪಿಗೆ ಕಾಲೆಳೆದುಕೊಂಡದ್ದು ಅವಳನ್ನು ಇಡೀ ದಿನ ಕುಟುಕಿತು.

ಸೋಮವಾರ ಧೊಂಡಿಬಾ ತನ್ನ ಇನ್ನೂರ ಹನ್ನೆರಡು ಕುರಿಗಳೊಂದಿಗೆ ಸಂಘದ ಹಿಂದಿನ ಬಯಲಿಗೆ ಬಂದಿಳಿದ. ಹಿಂಡು ಮರುದಿನ ನಸುಕಿನಲ್ಲಿ ಗಡಿ ದಾಟಿ ಮಹಾರಾಷ್ಟ್ರದ ದೇಗಲೂರಿನ ಕಡೆ ಹೊರಡುವುದಿತ್ತು. ಮತ್ತೆ ಬರುವುದು ನಾಲ್ಕು ತಿಂಗಳಿಗೆ. ಲಸಿಕೆ ಹಾಕಿದ ಕುರಿಗಳ ನಂಬರು ಹಿಂಡು ಹೊರಡುವ ಮೊದಲೇ ಬರೆದುಕೊಳ್ಳದಿದ್ದರೆ, ಹಾದಿಯಲ್ಲಿ ಸತ್ತ ಕುರಿಗೆ ವಿಮೆ ಸಿಗುವಂತಿರಲಿಲ್ಲ. ಧೊಂಡಿಬಾ ಕಿಟಕಿಯಾಚೆ ಒಂದೊಂದೇ ಕಿವಿ ಹಿಡಿದು ಬಿಲ್ಲೆಯ ನಂಬರು ಕೂಗುವುದು, ಪ್ರಣಾಲಿ ಒಳಗೆ ಒತ್ತುವುದು. ಮಧ್ಯಾಹ್ನಕ್ಕೆ ನೂರ ಎಂಬತ್ತಾದವು.

ಟಕ್ ಎಂದಿತು ಇನ್ವರ್ಟರ್.

ಈ ಸಲ ಕರೆಂಟ್ ಬಂದು ಸರ್ವರ್ ಎದ್ದಾಗ ಆ ದಿನದ ಕಡತವೇ ಕೆಟ್ಟು ಕೂತಿತ್ತು. ಸರಿಯಾಗಿದ್ದದ್ದು ಹಿಂದಿನ ಸಂಜೆಯ ನಕಲು ಮಾತ್ರ. ಅದರಲ್ಲಿ ಧೊಂಡಿಬಾನ ಒಂದು ಕುರಿಯೂ ಇರಲಿಲ್ಲ.

“ಕಾಕಾ, ಎಲ್ಲಾ ಹೋಯ್ತರಿ,” ಎಂದಳು.

ಧೊಂಡಿಬಾ ಕಿಟಕಿಯ ಸರಳು ಹಿಡಿದು ಒಳಗೆ ಬಗ್ಗಿದ. “ಮುಂಜಾನಿಂದ ನೂರಾ ಎಂಬತ್ತು ಕಿವಿ ಹಿಂಡೇನಿ ತಂಗಿ. ನನ್ನ ಕುರಿ ನುಂಗಿದ್ದು ಮೆಲುಕು ಹಾಕಲಿಕ್ಕರೆ ವಾಪಸ್ ತರ್ತಾವ. ನಿನ್ನ ಡಬ್ಬಿ ಅದೂ ತರಂಗಿಲ್ಲಲ್ಲ!”

ಓಂಪ್ರಕಾಶರು ಎದ್ದು ಬಂದರು. “ಮತ್ತ ವೈರಿಗಿ ಕಾಲು ಹಚ್ಚಿದೇನವ್ವ?”

ಪ್ರಣಾಲಿ ಎದ್ದಳು. ಕುರ್ಚಿ ಹಿಂದಕ್ಕೆ ತಳ್ಳಿ, ಬಾಗಿಲ ಹತ್ತಿರ ಹೋಗಿ ಕೈಕಟ್ಟಿ ನಿಂತಳು. ಆ ದಿನದ್ದೆಂದು ಕಳೆದುಕೊಳ್ಳಲು ಸರ್ವರಿನಲ್ಲಿ ಇನ್ನೇನೂ ಉಳಿದಿರಲಿಲ್ಲ.

“ನಾ ಇಲ್ಲೇ ನಿಂದರ್ತೇನಿ ಸರ್. ಮೇನ್ ಸ್ವಿಚ್ ನಿಮ್ಮ ಕೈಲೇ ಇಳಸ್ರಿ.”

“ಯಾಕ?”

“ಇಳಸ್ರಿ ನೀವು. ಫ್ಯಾನ್ ನೋಡಬ್ಯಾಡ್ರಿ. ಆ ಹಸಿರು ಲೈಟ್ ನೋಡ್ರಿ.”

ಅವಳು ಅಷ್ಟು ಜೋರಾಗಿ ಮಾತಾಡಿದ್ದನ್ನು ಆ ಕಚೇರಿ ಕೇಳಿರಲಿಲ್ಲ. ಓಂಪ್ರಕಾಶರು ಸ್ವಿಚ್ ಇಳಿಸಿದರು. ಫ್ಯಾನು ತನ್ನ ಪಾಡಿಗೆ ತಾನು ಸುತ್ತಿತು. ಸರ್ವರಿನ ಹಸಿರು ದೀಪ ಆರಿಹೋಯಿತು.

“ತಂಗಿ ಖರೇ ಹೇಳ್ತಾಳ ಸಾಹೇಬ್ರ,” ಎಂದ ಧೊಂಡಿಬಾ ಕಿಟಕಿಯಿಂದ. “ಆಕಿ ಕಾಲು ಬಾಗಿಲ್ದಾಗ ಅವ.”

ಓಂಪ್ರಕಾಶರು ಗದ್ದ ಕೆರೆದುಕೊಂಡರು. ಈಗಲಾದರೂ ತಿಳಿಯಿತಲ್ಲ ಎಂದು ಪ್ರಣಾಲಿ ಉಸಿರು ಬಿಡುವಷ್ಟರಲ್ಲಿ ಅವರು ಗುಲಾಮ ರಸೂಲರಿಗೆ ಫೋನ್ ಹಚ್ಚಿದ್ದರು. “ರಸೂಲ್ ಭಾಯಿ, ಇದು ಸಣ್ಣದಾಯ್ತು ನೋಡ್ರಿ. ಐವತ್ತು ಫ್ಯಾನಿಂದು ಕಳಸ್ರಿ.”

ಪ್ರಣಾಲಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎರಡನ್ನೂ ಬಿಟ್ಟು ಕೈ ಚಾಚಿದಳು. “ಫೋನ್ ಕೊಡ್ರಿ ಸರ್.”

ಓಂಪ್ರಕಾಶರು ಯಾಕೋ ಕೊಟ್ಟೇಬಿಟ್ಟರು.

“ಚಾಚಾ, ದೊಡ್ಡದು ಬ್ಯಾಡರಿ. ಒಂದು ಕೆವಿಎದ್ದೇ ಕೊಡ್ರಿ. ಆದ್ರ ಕರೆಂಟ್ ಹೋದಾಗ ಟಕ್ ಅನ್ನಬಾರದು, ಒಂಚೂರೂ ಕಡೀಬಾರದು.”

“ಅರೆ, ಅದಾ? ಲ್ಯಾಬಿನವ್ರು ಒಯ್ತಾರಲ್ಲ, ಅದು. ಸಣ್ಣ ಡಬ್ಬಿ, ಬರೇ ಹತ್ತು ಮಿನಿಟ್ ಬರ್ತದ. ಮೊದಲೇ ಹೇಳಬಾರದೇನು ಬೇಟಿ?”

“ಬರದು ಕೊಟ್ಟಿದ್ದೆರಿ. ಕಡೀ ಸಾಲಿನ್ಯಾಗ.”

“ಕಡೀ ತನಕ ಯಾರು ಓದ್ತಾರ?”

ಅವಳು ಹಲ್ಲು ಕಚ್ಚಿದಳು. “ಹತ್ತು ಮಿನಿಟ್ ಸಾಕು ಚಾಚಾ. ನಿಮ್ಮ ದೊಡ್ಡದರ ಹಿಂದ ಅದನ್ನ ಜೋಡಸ್ತೇನಿ. ತಾಸುಗಟ್ಟಲೆ ದೊಡ್ಡದು ನಡಸ್ಲಿ, ನಡುವಿನ ಆ ಟಕ್ ಸಣ್ಣದು ನೋಡ್ಕೊಳ್ಳಲಿ. ಇವತ್ತೇ ಕಳಸ್ತೀರೇನು?”

“ಅಂಗಡ್ಯಾಗ ಇಲ್ಲ ಬೇಟಿ. ನಾಳಿ ಮಧ್ಯಾಹ್ನ.”

ಧೊಂಡಿಬಾ ತಲೆಯಾಡಿಸಿದ. “ನಾಳಿ ಮಧ್ಯಾಹ್ನ ನಾ ಇರಂಗಿಲ್ಲ. ದೇಗಲೂರಿನ ಹೊಲದವ ಗೊಬ್ಬರಕ್ಕ ಕುರಿ ಕೂಡಸ್ಲಿಕ್ಕ ಕಾಯ್ಲತ್ತಾನ.”

ಸರಿಯಾದ ಲೆಕ್ಕ ಅವಳ ಕಾಗದದಲ್ಲಿ ಎಂಟು ದಿನದಿಂದ ಇತ್ತು. ಆ ಎಂಟು ದಿನದ ಮೌನವನ್ನು ಈಗ ಕುರಿಗಳೆದುರು ತೀರಿಸಬೇಕಿತ್ತು. ಪ್ರಣಾಲಿ ಕಪಾಟಿನಿಂದ ಹಳೆಯ ರಜಿಸ್ಟರ್ ತೆಗೆದು ಬಯಲಿಗಿಳಿದು, ಕಲ್ಲಿನ ಮೇಲೆ ಕೂತು, ಮೊಣಕಾಲ ಮೇಲೆ ಹಾಳೆ ಬಿಡಿಸಿದಳು. ಮೊದಲಿನಿಂದ ಇನ್ನೂರ ಹನ್ನೆರಡು. ನಂಬರು ಕಾಗದದಲ್ಲಿದ್ದರೆ ಕರೆಂಟ್ ಹೋದರೂ ಅಳಿಯದು, ನಾಳೆ ತುಂಬಬಹುದು. ಆದರೆ ಬರೆದ ಕುರಿ, ಬರೆಯದ ಕುರಿ ಮತ್ತೆ ಕಲೆಯಬಾರದು. ಕಿವಿ ಹಿಡಿಯುವುದಕ್ಕೂ ಅವನ್ನು ಬೇರೆ ಮಾಡಿ ಅಟ್ಟುವುದಕ್ಕೂ ಧೊಂಡಿಬಾ ಒಬ್ಬನೇ.

“ಸರ್,” ಎಂದು ಕರೆದಳು. “ನೀವು ಕಿವಿ ಹಿಡೀರಿ.”

“ನಾನಾ?”

“ಹೊತ್ತು ಮುಳುಗೋದರೊಳಗ ಮುಗೀಬೇಕಲ್ರಿ.”

ಓಂಪ್ರಕಾಶರು ಇಸ್ತ್ರಿಯ ಅಂಗಿಯ ತೋಳು ಮಡಚಿ, ಮೊದಲ ಕುರಿಯ ಕೊರಳಿಗೆ ಕೈ ಹಾಕಿದರು. ಅದು ಅವರನ್ನು ನಾಲ್ಕು ಹೆಜ್ಜೆ ಎಳೆದುಕೊಂಡು ಹೋಯಿತು.

“ನಾಕು, ಒಂದು, ಆರು… ಆರೋ ಎಂಟೋ, ಕಾಣ್ಲತ್ತಿಲ್ಲವ್ವ.”

“ಅಂದಾಜು ಹೇಳಬ್ಯಾಡ್ರಿ ಸರ್,” ಎಂದಳು ಪ್ರಣಾಲಿ, ಪೆನ್ನು ಎತ್ತದೆ. “ಬಿಲ್ಲಿ ಮ್ಯಾಲಿನ ಹಿಕ್ಕಿ ಒರಸಿ ನೋಡ್ರಿ.”